ಶೆಡ್ಡಿನಿಂದ ರಸ್ತೆಗೆ: ಒಂದು ಫಿಯೆಟ್ 1100 ಮತ್ತು ಐದು ಜನರ ಭಾನುವಾರಗಳು

(ಹಳೆಯ ವಾಹನಗಳ ಆಸಕ್ತರು ಮೈಸೂರಿನಲ್ಲಿ ಸೇರಿದ್ದಾಗ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ಸ್ನೇಹಿತರೇ,

ಒಳಗೆ ಬರುವಾಗ ಹೊಂಗೆ ಮರದ ನೆರಳಿನಲ್ಲಿ ನಿಂತಿರುವ ತಿಳಿನೀಲಿ ಫಿಯೆಟ್ ಕಾರನ್ನು ನೀವೆಲ್ಲ ನೋಡಿದ್ದೀರಿ. ಹಲವರು ಬಣ್ಣವನ್ನು ಮೆಚ್ಚಿದಿರಿ, ಕೆಲವರು ಬಾನೆಟ್ ತೆಗೆಸಿ ಎಂಜಿನ್ ನೋಡಿದಿರಿ. ಹಿರಿಯರೊಬ್ಬರು ಮಾತ್ರ ಬಣ್ಣದ ಕಡೆ ಕಣ್ಣೆತ್ತದೆ, ಬಗ್ಗಿ ಕಾರಿನ ಕೆಳಗಿನ ನೆಲವನ್ನು ನೋಡಿದರು. ಎಣ್ಣೆ ಎಲ್ಲಿಂದ ತೊಟ್ಟಿಕ್ಕುತ್ತಿದೆ ಎಂದು ಗುರುತಿಸಿ, ಹಿಂದಿನ ಆ್ಯಕ್ಸಲ್ ಸೀಲ್ ಒಮ್ಮೆ ನೋಡಿಸಿ ಎಂದು ಹೇಳಿ ಹೋದರು. ಇವತ್ತಿನ ನನ್ನ ಮಾತು ಅವರು ನೋಡಿದ ಆ ನೆಲದ ಬಗ್ಗೆ. ಈ ಕಾರನ್ನು ಮತ್ತೆ ಎತ್ತಿ ನಿಲ್ಲಿಸಲು ನಮಗೆ ನಾಲ್ಕು ವರ್ಷ ಹಿಡಿಯಿತು. ಅದು ಓಡತೊಡಗಿದ ಮೇಲೆ ಕಲಿತದ್ದು ಆ ನಾಲ್ಕು ವರ್ಷಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು, ಮತ್ತು ಆ ಕಲಿಕೆಯಲ್ಲಿ ಯಾವುದೂ ಒಬ್ಬರಿಂದ ಆದದ್ದಲ್ಲ.

ಕಾರಿನ ಹಿನ್ನೆಲೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದು 1966ರ ಫಿಯೆಟ್ 1100 ಡಿಲೈಟ್. ಇಟಲಿಯಲ್ಲಿ 1953ರಲ್ಲಿ ಹೊರಬಂದ 1100-103 ಎಂಬ ಮಾದರಿಯ ವಂಶದ್ದು. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ತಯಾರಾದದ್ದು. ಇದಕ್ಕೂ ಹಿಂದಿನ ಮಾದರಿಗಳಲ್ಲಿ ಮುಂದಿನ ಬಾಗಿಲುಗಳ ಕೀಲುಗಳು ಹಿಂಬದಿಗೆ ಇರುತ್ತಿದ್ದವು. ಮುಂಬಯಿಯ ಜನ ಆ ದುಂಡುಮೈಯ ಕಾರನ್ನು ‘ಡುಕ್ಕರ್ ಫಿಯೆಟ್’, ಅಂದರೆ ಹಂದಿ ಫಿಯೆಟ್, ಎಂದು ಕರೆಯುತ್ತಿದ್ದರು. ಡಿಲೈಟ್ ಮಾದರಿಯೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು, ಹೆಚ್ಚು ಬದಲಾಗದೆ, ಶತಮಾನದ ಕೊನೆಯವರೆಗೂ ತಯಾರಾಯಿತು. 1089 ಸಿ.ಸಿ. ಎಂಜಿನ್, ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಸ್ಟೀರಿಂಗ್ ಕಂಬದ ಮೇಲೆ ಗೇರಿನ ಕೋಲು, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ ನೋಂದಣಿಯಾದ ಕಾರಾದ್ದರಿಂದ ಇದರ ಸಂಖ್ಯೆ ‘ಎಂವೈ’ ಅಕ್ಷರಗಳಿಂದಲೇ ಆರಂಭವಾಗುತ್ತದೆ.

ನನ್ನ ಸೋದರಮಾವ ಇದನ್ನು ಸಕಲೇಶಪುರದ ಕಡೆಯ ತಮ್ಮ ಮನೆಯ ಶೆಡ್ಡಿನಲ್ಲಿ ಹದಿನೇಳು ವರ್ಷ ನಿಲ್ಲಿಸಿದ್ದರು. ಮೇಲೆ ತಾರ್ಪಾಲು ಹೊದಿಸಿದ್ದರು, ಚಕ್ರಗಳ ಕೆಳಗೆ ಹಲಗೆ ಇಟ್ಟಿದ್ದರು, ಮಾರಲು ಒಪ್ಪಿರಲಿಲ್ಲ. ಪ್ರೀತಿಯಿಂದ ಮಾಡಿದ ಆ ವ್ಯವಸ್ಥೆಯೇ ಕಾರನ್ನು ಹೆಚ್ಚು ಕೆಡಿಸಿತ್ತು. ಮಲೆನಾಡಿನ ಮಳೆಗಾಲದಲ್ಲಿ ತಾರ್ಪಾಲಿನ ಅಡಿ ಸೇರಿದ ತೇವ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಬೆವರಿ, ತಗಡಿನ ಮಡಿಕೆಗಳೊಳಗೆ ಇಳಿದಿತ್ತು. ಹೊದಿಕೆ ಇಲ್ಲದೆ ಗಾಳಿ ಆಡುವ ಜಾಗದಲ್ಲಿ ನಿಂತಿದ್ದರೆ ಬಣ್ಣ ಮಾಸುತ್ತಿತ್ತು, ನೆಲಹಾಸಿನ ತಗಡು ಉಳಿಯುತ್ತಿತ್ತು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹೀಗೆ ಹೊದಿಸಿಟ್ಟ ಕಾರಿದ್ದರೆ ದಯವಿಟ್ಟು ಇವತ್ತೇ ಹೋಗಿ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದುಹಾಕಿ. ಹತ್ತಿಯ ಬಟ್ಟೆಯಾದರೆ ಅಡ್ಡಿಯಿಲ್ಲ, ಅದು ಉಸಿರಾಡುತ್ತದೆ.

ಕೆಲಸಕ್ಕೆ ಸೇರಿದವರು ಐದು ಜನ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ಲೇತ್ ಅಂಗಡಿ ಇಟ್ಟಿದ್ದ ಒಬ್ಬರು, ಬ್ಯಾಂಕಿನಲ್ಲಿದ್ದ ಒಬ್ಬರು, ವೈರಿಂಗ್ ಬಲ್ಲ ಯುವಕನೊಬ್ಬ, ಮತ್ತು ಜೀವನವಿಡೀ ಫಿಯೆಟ್ ಕಾರುಗಳನ್ನೇ ಬಿಚ್ಚಿ ಜೋಡಿಸಿದ, ಆಗ ಎಪ್ಪತ್ತು ದಾಟಿದ್ದ ಮೇಸ್ತ್ರಿ. ಬ್ಯಾಂಕಿನವರಿಗೆ ಸ್ಪ್ಯಾನರ್ ಹಿಡಿಯುವ ಅಭ್ಯಾಸ ಇರಲಿಲ್ಲ. ಅವರಿಲ್ಲದಿದ್ದರೆ ಈ ಕಾರು ಇವತ್ತಿಗೂ ಡಬ್ಬಗಳಲ್ಲಿ ಇರುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಅವರು ಚೀಟಿ ಕಟ್ಟಿದರು, ಬಿಚ್ಚುವ ಮೊದಲು ಫೋಟೊ ತೆಗೆದರು, ಯಾವ ವಾಷರ್ ಯಾವ ಕಡೆಗೆ ಮುಖ ಮಾಡಿತ್ತು ಎಂದು ಲೆಡ್ಜರ್ ಪುಸ್ತಕದಲ್ಲಿ ಚಿತ್ರ ಸಹಿತ ಬರೆದರು. ಅರ್ಧಕ್ಕೆ ನಿಂತುಹೋದ ಕಾರುಗಳನ್ನು ನಾನು ಬಹಳ ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಹಣ ಸಾಲದೆ ನಿಂತವಲ್ಲ, ಬಿಚ್ಚಿದವರಿಗೇ ಜೋಡಣೆ ಮರೆತುಹೋಗಿ ನಿಂತವು.

ಎಂಜಿನ್ ಕಚ್ಚಿಕೊಂಡಿತ್ತು. ಇಂತಹ ಕಡೆ ಅವಸರದವರು ಮಾಡುವುದು ಒಂದೇ: ಗೇರಿಗೆ ಹಾಕಿ ಇನ್ನೊಂದು ವಾಹನದಿಂದ ಎಳೆಸುವುದು. ತುಕ್ಕು ಹಿಡಿದ ಪಿಸ್ಟನ್ ರಿಂಗುಗಳು ಆಗ ಮುರಿದು ಸಿಲಿಂಡರಿನ ಗೋಡೆಯನ್ನು ಉತ್ತುಬಿಡುತ್ತವೆ. ನಮ್ಮ ಮೇಸ್ತ್ರಿ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಆ ರಂಧ್ರಗಳಲ್ಲಿ ತೆಳು ಎಣ್ಣೆಯನ್ನೂ ಡೀಸೆಲನ್ನೂ ಬೆರೆಸಿ ಸುರಿದು, ಪ್ಲಗ್ಗುಗಳನ್ನು ಬೆರಳಲ್ಲಿ ತಿರುಗಿಸಿ ಮುಚ್ಚಿ, ಒಂದು ತಿಂಗಳು ಮುಟ್ಟಬೇಡಿ ಎಂದರು. ಪ್ರತಿ ಭಾನುವಾರ ಅಷ್ಟಷ್ಟು ಎಣ್ಣೆ ಹಾಕುತ್ತ ಬಂದೆವು. ಐದನೆಯ ಭಾನುವಾರ ಟಾಪ್ ಗೇರಿಗೆ ಹಾಕಿ ನಾಲ್ಕು ಜನ ಕಾರನ್ನು ಹಿಂದಕ್ಕೂ ಮುಂದಕ್ಕೂ ತೂಗಿದಾಗ, ಒಳಗೆ ಏನೋ ನಿಟ್ಟುಸಿರಿಟ್ಟಂತೆ ಸದ್ದಾಗಿ ಎಂಜಿನ್ ಕಾಲು ಸುತ್ತು ತಿರುಗಿತು. ಆ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಆಮೇಲಿನದು ಗೊತ್ತಿರುವ ಕೆಲಸ: ಬೋರ್ ಅಳೆದು ಓವರ್‌ಸೈಜ್ ಪಿಸ್ಟನ್‌ಗೆ ಕೊರೆಸುವುದು, ವಾಲ್ವ್ ಕೂರಿಸುವುದು, ಬೇರಿಂಗ್ ಬದಲಿಸುವುದು. ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಈ ಎಂಜಿನ್ನಿನ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಮುಖ್ಯ ಒಡಲು, ಬೀಡು ಕಬ್ಬಿಣದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯುಮಿನಿಯಂನದು; ಬಿಸಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಆದ್ದರಿಂದ ಹೆಡ್ ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಗಿನ ಕಡೆಗೆ, ಎರಡು ಮೂರು ಸುತ್ತುಗಳಲ್ಲಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದೇ ಬಿಗಿಯಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ನೋಡಬೇಕು. ರೇಡಿಯೇಟರಿಗೆ ಬೋರ್‌ವೆಲ್ ನೀರನ್ನು ಸುರಿಯಲೇಬಾರದು. ಕಬ್ಬಿಣ, ಅಲ್ಯುಮಿನಿಯಂ, ಗಡಸು ನೀರು ಮೂರೂ ಒಂದೆಡೆ ಸೇರಿದರೆ ಅಲ್ಯುಮಿನಿಯಂ ಸವೆಯುತ್ತ ಹೋಗುತ್ತದೆ.

ಎಂಜಿನ್ನಿಗಿಂತ ಹತ್ತು ಪಟ್ಟು ಕಷ್ಟವಾದದ್ದು ಬಾಡಿಯ ಕೆಲಸ. ಅಂಬಾಸಿಡರ್ ಆಗಲಿ ಫಿಯೆಟ್ ಆಗಲಿ, ಇವುಗಳಿಗೆ ಜೀಪಿನಂತೆ ಬೇರೆಯಾದ ಚಾಸಿ ಇಲ್ಲ. ತಗಡಿನ ಒಡಲೇ ಎಲುಬಿನ ಕೆಲಸವನ್ನೂ ಮಾಡುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂತಹ ಭಾಗ, ಗ್ಯಾರೇಜಿನವರು ‘ಸಿಲ್’ ಎನ್ನುವುದು, ನೋಡಲು ಅಲಂಕಾರದ ಪಟ್ಟಿಯಂತಿದ್ದರೂ ಕಾರಿನ ಭಾರದ ಬಹುಪಾಲು ಅದರ ಮೇಲೆಯೇ ನಿಂತಿರುತ್ತದೆ. ನಮ್ಮ ಕಾರಿನ ಎರಡೂ ಸಿಲ್‌ಗಳು ಒಳಗಿನಿಂದ ಕೊಳೆತಿದ್ದವು. ಹೊರಗೆ ಬಣ್ಣ ಹಾಗೆಯೇ ಇತ್ತು, ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಇಂತಹ ಸಿಲ್‌ಗಳನ್ನು ಒಟ್ಟಿಗೆ ಕತ್ತರಿಸಿ ತೆಗೆದರೆ ಕಾರು ನಡುವಿನಲ್ಲಿ ಬಾಗುತ್ತದೆ. ಆಮೇಲೆ ಎಷ್ಟೇ ಚೆನ್ನಾಗಿ ಹೊಸ ತಗಡು ಬೆಸೆದರೂ ಬಾಗಿಲುಗಳು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಹಾಗಾಗಿ ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು, ಒಂದು ಪಕ್ಕವನ್ನು ಪೂರ್ತಿ ಮುಗಿಸಿದ ಮೇಲಷ್ಟೇ ಇನ್ನೊಂದು ಪಕ್ಕವನ್ನು ಮುಟ್ಟಿದೆವು. ಅಲ್ಲಲ್ಲಿ ಬೆಸೆದು, ಕೊಳವೆ ತೆಗೆದು, ಬಾಗಿಲು ಹಾಕಿ, ಮುಚ್ಚಿ ತೆರೆದು, ಸಂದಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು, ಸಮಾಧಾನವಾದರೆ ಮಾತ್ರ ಪೂರ್ತಿ ಬೆಸೆಯುವುದು. ಹೀಗೆ ಒಂದೇ ಬಾಗಿಲನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಹಾಕಿ ತೆಗೆದಿದ್ದೇವೆ. ಒಂದು ಮಳೆಗಾಲ ಇದಕ್ಕೇ ಹೋಯಿತು.

ಪುಟ್ಟಿ ಮೆತ್ತಿ ಮುಚ್ಚಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಮಾರಾಟಕ್ಕೆ ಬರುವ ಎಷ್ಟೋ ‘ರೀಸ್ಟೋರ್ ಮಾಡಿದ’ ಕಾರುಗಳಲ್ಲಿ ನಡೆಯುವುದು ಅದೇ. ಪುಟ್ಟಿ ತೇವವನ್ನು ಹೀರುತ್ತದೆ, ಭಾರವನ್ನು ಹೊರುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬಣ್ಣದ ಕೆಳಗೆ ಗುಳ್ಳೆಗಳೇಳುತ್ತವೆ. ಹಳೆಯ ಕಾರು ಕೊಳ್ಳಲು ಹೋಗುವವರು ಬಟ್ಟೆ ಸುತ್ತಿದ ಆಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದು ತಗಡಿಗೆ ಹಿಡಿಯದ ಕಡೆಯೆಲ್ಲ ಪುಟ್ಟಿ ಇದೆ ಎಂದರ್ಥ.

ಈ ಮಾತಿಗೆ ಹೊರತಾದ ಕಾರೊಂದು ನಮ್ಮ ರಾಜ್ಯದಲ್ಲೇ ಹುಟ್ಟಿತ್ತು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಸಿಪಾನಿ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ರೂಪುಗೊಂಡದ್ದು, 848 ಸಿ.ಸಿ. ಎಂಜಿನ್ನಿನದು. ಅದರ ಒಡಲು ಫೈಬರ್‌ಗ್ಲಾಸಿನದಾದ್ದರಿಂದ ತುಕ್ಕಿನ ಭಯವಿಲ್ಲ. ಆದರೆ ಅಡಿಯಲ್ಲಿರುವ ಉಕ್ಕಿನ ಚಾಸಿ ತುಕ್ಕು ಹಿಡಿಯುತ್ತದೆ, ಮೇಲಿನ ಒಡಲು ಹೊಸದರಂತೆ ಕಂಡು ಅದನ್ನು ಮರೆಮಾಡುತ್ತದೆ. ಉಳಿದಿರುವ ಡಾಲ್ಫಿನ್‌ಗಳು ಕೆಲವೇ. ನಿಮ್ಮಲ್ಲಿ ಯಾರ ಬಳಿಯಾದರೂ ಒಂದಿದ್ದರೆ ನಮ್ಮ ಐದೂ ಜನ ಭಾನುವಾರ ಬಂದು ಕೈಜೋಡಿಸಲು ಸಿದ್ಧ.

ಕಾರನ್ನು ಬಿಚ್ಚುತ್ತ ಹೋದಾಗ ನಮಗೆ ಹಿಂದಿನ ಮೇಸ್ತ್ರಿಗಳ ಕೈಕೆಲಸ ಎದುರಾಯಿತು. ಲೈಸೆನ್ಸ್ ಪದ್ಧತಿಯ ಆ ಕಾಲದಲ್ಲಿ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು, ಬಿಡಿಭಾಗಗಳೂ ಬೇಕೆಂದಾಗ ಸಿಗುತ್ತಿರಲಿಲ್ಲ. ಆದ್ದರಿಂದ ಸವೆದದ್ದನ್ನು ಎಸೆಯುವ ಬದಲು ತುಂಬಿಸಿ, ಕಡೆದು, ಮತ್ತೆ ಕೂರಿಸುತ್ತಿದ್ದರು. ನಮ್ಮ ಕಾರಿನ ವಾಟರ್ ಪಂಪಿನಲ್ಲಿ ಯಾರೋ ಗನ್‌ಮೆಟಲ್ ಎಂಬ ಮಿಶ್ರಲೋಹದಿಂದ ಕಡೆದ ಬುಷ್, ಅಂದರೆ ತಿರುಗುವ ದಂಡಕ್ಕೆ ಆಸರೆಯಾಗುವ ಬಳೆ, ಇತ್ತು. ಲೇತ್ ಅಂಗಡಿಯವರು ಅದನ್ನು ಮೈಕ್ರೊಮೀಟರಿನಲ್ಲಿ ಅಳೆದು ಬಹಳ ಹೊತ್ತು ಸುಮ್ಮನಿದ್ದು, ಇದನ್ನು ತೆಗೆಯುವುದು ಬೇಡ, ಮಾಡಿದವರಿಗೆ ಕೆಲಸ ಗೊತ್ತಿತ್ತು ಎಂದರು. ಅದು ಇವತ್ತಿಗೂ ಅಲ್ಲೇ ಇದೆ. ಇನ್ನೊಂದೆಡೆ, ಪೆಟ್ರೋಲ್ ಪೈಪಿನ ಒಡೆದ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದರು. ಎಕ್ಸಾಸ್ಟ್‌ಗೆ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿದ್ದ ಅದನ್ನು ಕಂಡ ದಿನವೇ ಕಿತ್ತೆವು. ಹಳೆಯ ದುರಸ್ತಿಗಳನ್ನೆಲ್ಲ ಅಳಿಸಿ ಕಾರ್ಖಾನೆಯಿಂದ ಬಂದಂತೆ ಮಾಡಬೇಕು ಎನ್ನುವವರೊಂದಿಗೆ ನನಗೆ ಪೂರ್ಣ ಸಹಮತವಿಲ್ಲ. ಅರವತ್ತು ವರ್ಷ ಈ ನಾಡಿನ ರಸ್ತೆಗಳಲ್ಲಿ ಬದುಕಿದ ಕಾರಿನಲ್ಲಿ, ಆ ಬದುಕನ್ನು ಸಾಧ್ಯವಾಗಿಸಿದ ಕೈಗಳ ಗುರುತೂ ಕಾರಿನ ಭಾಗವೇ ಎಂದು ನಾನು ನಂಬುತ್ತೇನೆ. ಅಪಾಯ ತರುವಂಥದ್ದನ್ನು ಮಾತ್ರ ಮುಲಾಜಿಲ್ಲದೆ ತೆಗೆಯಬೇಕು.

ಇದೇ ವಿಷಯದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಲೇಬೇಕು. ಬ್ರೇಕ್ ಕೆಲಸ ಮಾಡುವಾಗ, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರನ್ನೂ, ಆ ಒತ್ತಡದಿಂದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್‌ಗಳಲ್ಲಿ ಮೂರು ಚಕ್ರಗಳದ್ದನ್ನೂ ಒಳಗೆ ಲೋಹದ ಸ್ಲೀವ್ ಹಾಕಿಸಿ ಹೊಸದರಂತೆ ಮಾಡಿಸಿದ್ದೆವು. ಹಿಂದಿನ ಎಡ ಚಕ್ರದ್ದು ನೋಡಲು ಚೆನ್ನಾಗಿತ್ತು. ಬೇಗ ಮುಗಿಸಬೇಕೆಂಬ ಆಸೆಯಿಂದ, ರಬ್ಬರ್ ಕಪ್ ಬದಲಿಸಿದರೆ ಸಾಕು ಎಂದು ನಾನೇ ಹೇಳಿದೆ. ಮೇಸ್ತ್ರಿ ಆ ದಿನ ಬಂದಿರಲಿಲ್ಲ. ಕಾರು ರಸ್ತೆಗೆ ಬಂದ ಎರಡನೆಯ ತಿಂಗಳು ಚಾಮುಂಡಿ ಬೆಟ್ಟದಿಂದ ಇಳಿಯುತ್ತಿದ್ದಾಗ, ನಂದಿಯ ಕಡೆಗೆ ತಿರುಗುವ ದಾರಿಯನ್ನು ದಾಟಿದ ಮೇಲೆ, ಬ್ರೇಕ್ ಪೆಡಲ್ ಯಾವ ಪ್ರತಿರೋಧವೂ ಇಲ್ಲದೆ ಕಾಲಿನಡಿ ನೆಲಕ್ಕೆ ಇಳಿಯಿತು. ಆ ಕಾಲದ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಬ್ರೇಕ್ ಎಣ್ಣೆಯ ಒಂದೇ ಜಾಲ. ಎಲ್ಲಿ ಸೋರಿದರೂ ನಾಲ್ಕೂ ಬ್ರೇಕುಗಳು ಒಮ್ಮೆಲೇ ಹೋಗುತ್ತವೆ. ಮೂರನೆಯ ಗೇರು, ಎರಡನೆಯ ಗೇರು, ಹ್ಯಾಂಡ್‌ಬ್ರೇಕ್, ಕೊನೆಗೆ ಬೆಟ್ಟದ ಕಡೆಯ ದಿಣ್ಣೆಗೆ ಚಕ್ರ ಒರಗಿಸಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ನನ್ನ ಮೊಮ್ಮಗಳು ಕುಳಿತಿದ್ದಳು. ಬಿಚ್ಚಿ ನೋಡಿದಾಗ ಸಿಲಿಂಡರಿನ ಒಳಗೋಡೆಯಲ್ಲಿ ಎಳ್ಳುಕಾಳಿನಷ್ಟು ಒಂದು ತುಕ್ಕಿನ ಕುಳಿ ಇತ್ತು. ಹೊಸ ರಬ್ಬರ್ ಕಪ್ಪನ್ನು ಅದು ಎರಡು ತಿಂಗಳಲ್ಲಿ ಕೊರೆದುಹಾಕಿತ್ತು.

ಆ ದಿನದಿಂದ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಬ್ರೇಕ್, ಸ್ಟೀರಿಂಗ್, ಪೆಟ್ರೋಲ್ ಈ ಮೂರಕ್ಕೆ ಸಂಬಂಧಿಸಿದ ಯಾವ ಕೆಲಸವನ್ನೂ ಮಾಡಿದವರೇ ಪಾಸು ಮಾಡುವಂತಿಲ್ಲ. ಇನ್ನೊಬ್ಬರು ನೋಡಿ ಲೆಡ್ಜರಿನಲ್ಲಿ ಸಹಿ ಹಾಕಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುವಂಥದ್ದು. ಅದರಿಂದ ಒಳಗಿನ ಲೋಹ ತುಕ್ಕು ಹಿಡಿಯುವುದಲ್ಲದೆ, ಇಳಿಜಾರಿನಲ್ಲಿ ಬಿಸಿಯಾದಾಗ ಎಣ್ಣೆ ಬೇಗ ಕುದಿದು ಆವಿಯಾಗುತ್ತದೆ. ಆದ್ದರಿಂದ ಕಾರು ಓಡಿರಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುತ್ತೇವೆ.

ಈಗ ಓಡಿಸುವ ವಿಷಯ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುತ್ತೇನೆ ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಕಂಡಿದ್ದೇನೆ. ಸ್ಟಾರ್ಟ್ ಮಾಡದಿರುವುದಕ್ಕಿಂತಲೂ ಅದು ಕೆಟ್ಟದ್ದು. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗದಿದ್ದರೆ ಆ ಆವಿ ತಂಪಾದ ಎಕ್ಸಾಸ್ಟ್ ಕೊಳವೆಯಲ್ಲೂ ಎಂಜಿನ್ ಎಣ್ಣೆಯಲ್ಲೂ ನೀರಾಗಿ ನಿಲ್ಲುತ್ತದೆ, ಚೋಕ್ ಎಳೆದದ್ದರಿಂದ ಹೆಚ್ಚಾದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಸರಿ, ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ. ಆಗ ಎಣ್ಣೆ ಕಾಯುತ್ತದೆ, ಗೇರ್‌ಬಾಕ್ಸಿನ ಹಲ್ಲುಗಳಿಗೆ ಎಣ್ಣೆ ತಾಕುತ್ತದೆ, ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುವುದಿಲ್ಲ, ಟೈರುಗಳು ಒಂದೇ ಕಡೆ ಚಪ್ಪಟೆಯಾಗುವುದಿಲ್ಲ, ಮತ್ತು ಏನು ಕೆಡುತ್ತಿದೆ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ನಾವು ಶ್ರೀರಂಗಪಟ್ಟಣದವರೆಗೆ ಹೋಗಿ ಬರುತ್ತೇವೆ. ವಾಪಸು ಬಂದ ಮೇಲೆ ಚಕ್ರದ ಡ್ರಮ್ಮುಗಳಿಗೆ ಒಂದೊಂದಾಗಿ ಅಂಗೈ ಹತ್ತಿರ ಹಿಡಿದು ನೋಡುವುದು ಮೇಸ್ತ್ರಿ ಕಲಿಸಿದ ಅಭ್ಯಾಸ. ಉಳಿದ ಮೂರಕ್ಕಿಂತ ಯಾವುದು ಹೆಚ್ಚು ಬಿಸಿಯೋ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ನಿಲ್ಲಿಸಿಟ್ಟ ಕಾರಿಗೆ ಈಗ ಹೊಸ ತೊಂದರೆಯೊಂದು ಸೇರಿದೆ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತದ್ದು ಬೆಂಗಳೂರಿನಲ್ಲೇ. ನೀತಿಯ ಸರಿತಪ್ಪುಗಳು ಈ ಸಭೆಯ ವಿಷಯವಲ್ಲ. ನಮ್ಮ ಕಾರಿಗೆ ಏನಾಗುತ್ತದೆ ಎಂಬುದು ನಮ್ಮ ವಿಷಯ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರೂ ಎಥನಾಲೂ ಕೂಡಿ ತಳಕ್ಕೆ ಇಳಿದು ಉಕ್ಕನ್ನು ತಿನ್ನತೊಡಗುತ್ತವೆ. ಹಳೆಯ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ, ಕಾರಿನ ಪೆಟ್ರೋಲ್ ಪಂಪಿನ ಡಯಾಫ್ರಮ್ ಎಂಬ ಪೊರೆ ಬಿಗುವು ಕಳೆದುಕೊಳ್ಳುತ್ತದೆ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ಬಿಲ್ಲೆಯಾದ ಜೆಟ್ಟನ್ನು ಮೊದಲಿನದೇ ಇಟ್ಟರೆ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗಿ, ಪ್ಲಗ್ಗಿನ ತುದಿ ಬಿಳಿಚಿಕೊಂಡು ಎಂಜಿನ್ ಹೆಚ್ಚು ಕಾಯುತ್ತದೆ. ನಾವು ಪೈಪುಗಳನ್ನೂ ಡಯಾಫ್ರಮನ್ನೂ ಎಥನಾಲ್ ತಾಳುವ ರಬ್ಬರಿಗೆ ಬದಲಿಸಿ, ಸೋಲೆಕ್ಸ್ ಕಾರ್ಬುರೇಟರಿನ ಮೇನ್ ಜೆಟ್ಟನ್ನು ಒಂದು ಹಂತ ದೊಡ್ಡದು ಮಾಡಿದ್ದೇವೆ. ಊರಿಗೆ ಹೋಗಿ ತಿಂಗಳಿಗಿಂತ ಹೆಚ್ಚು ಕಾಲ ಕಾರು ನಿಲ್ಲುವುದಾದರೆ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿಡುತ್ತೇವೆ.

ನೋಂದಣಿಯ ಬಗ್ಗೆ ಹಲವರು ಕೇಳಿದ್ದೀರಿ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ಕೇಂದ್ರದ ನಿಯಮಗಳು ‘ವಿಂಟೇಜ್’ ವರ್ಗವನ್ನು ಕೊಟ್ಟಿವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳು. ಚಾಸಿ, ಒಡಲು, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬ ಷರತ್ತು ಒಳ್ಳೆಯದೇ. ಹಳೆಯ ಫಿಯೆಟ್‌ಗಳಿಗೆ ಬೇರೆ ಎಂಜಿನ್ ತುರುಕಿದ್ದನ್ನು ನೋಡಿ ನೊಂದವರಲ್ಲಿ ನಾನೂ ಒಬ್ಬ. ಆದರೆ ಆ ವರ್ಗದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗಷ್ಟೇ ರಸ್ತೆಗೆ ತರಬೇಕು. ನಾವು ಚರ್ಚಿಸಿ ಸಾಮಾನ್ಯ ನೋಂದಣಿಯಲ್ಲೇ ಉಳಿದೆವು. ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನವೀಕರಿಸುವುದು ಹೆಚ್ಚಿನ ಕೆಲಸ, ಆದರೆ ತರಕಾರಿ ತರಲೂ ಈ ಕಾರಿನಲ್ಲಿ ಹೋಗಬಹುದು.

ಕೊನೆಯದಾಗಿ ಬಿಡಿಭಾಗಗಳು. ನಾವು ಕೆಲಸ ಆರಂಭಿಸಿದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಪದ್ಮಿನಿಯ ಹಲವು ಭಾಗಗಳು ಸಿಗುತ್ತಿದ್ದವು. ಅವು ಸಿಗುತ್ತಿದ್ದದ್ದು ನಮ್ಮಂತಹ ಹವ್ಯಾಸಿಗಳಿಗಾಗಿ ಅಲ್ಲ, ಮುಂಬಯಿಯ ಟ್ಯಾಕ್ಸಿಗಳಿಗಾಗಿ. ದಿನವಿಡೀ ಓಡುವ ಟ್ಯಾಕ್ಸಿಗಳಿಗೆ ಕ್ಲಚ್ ಪ್ಲೇಟು, ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಹೊರಳಲು ಆಧಾರವಾದ ಉಕ್ಕಿನ ಕಿಂಗ್ ಪಿನ್, ವಾಟರ್ ಪಂಪ್ ಸದಾ ಬೇಕಾಗುತ್ತಿದ್ದುದರಿಂದ ಸಣ್ಣ ಸಣ್ಣ ತಯಾರಕರು ಅವುಗಳನ್ನು ಮಾಡುತ್ತಲೇ ಇದ್ದರು. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ವಯೋಮಿತಿ ಮುಗಿದು ರಸ್ತೆಯಿಂದ ಇಳಿಯಿತು. ಅಂಗಡಿಯವರು ಈಗ ಹಳೆಯ ದಾಸ್ತಾನನ್ನಷ್ಟೇ ಮಾರುತ್ತಿದ್ದಾರೆ. ಇದನ್ನು ಮೊದಲೇ ಊಹಿಸಿದ ನಮ್ಮ ಬ್ಯಾಂಕಿನ ಸ್ನೇಹಿತರು ಮೈಸೂರಿನ ನಾಲ್ಕು ಫಿಯೆಟ್ ಮಾಲೀಕರಿಂದ ಹಣ ಸೇರಿಸಿ, ಕಿಂಗ್ ಪಿನ್ ಕಿಟ್ಟುಗಳನ್ನು ಹನ್ನೆರಡು ಜೊತೆ ಒಮ್ಮೆಗೇ ತರಿಸಿ, ಗ್ರೀಸ್ ಕಾಗದದಲ್ಲಿ ಸುತ್ತಿ ಒಂದು ಟ್ರಂಕಿನಲ್ಲಿಟ್ಟರು. ಬೇಕಾದವರು ಲೆಡ್ಜರಿನಲ್ಲಿ ಬರೆದು ತೆಗೆದುಕೊಳ್ಳುತ್ತಾರೆ.

ಆ ಟ್ರಂಕಿನಲ್ಲಿ ಈಗ ಉಳಿದಿರುವುದು ಎರಡು ಜೊತೆ. ಅವುಗಳಲ್ಲಿ ಒಂದನ್ನು ಯಾರಿಗೂ ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಲೇತ್ ಅಂಗಡಿಯವರು ಅದನ್ನು ಅಳೆದು, ಉಕ್ಕಿನ ಜಾತಿ, ಗಡಸು ಮಾಡುವ ಬಗೆ, ಬುಷ್ಷಿನ ಸಡಿಲ ಎಲ್ಲವನ್ನೂ ಗುರುತು ಹಾಕಿಕೊಂಡು ನಕ್ಷೆ ಬರೆಯುತ್ತಿದ್ದಾರೆ. ವೈರಿಂಗ್ ಮಾಡುವ ಯುವಕ ಅವರ ಪಕ್ಕ ಕುಳಿತು ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾನೆ. ಮೇಸ್ತ್ರಿಗೆ ಈಗ ಕಣ್ಣು ಮಂಜಾಗಿದೆ. ಕಳೆದ ಭಾನುವಾರ ಮೊದಲ ಪಿನ್ ಕಡೆದು ಕೊಟ್ಟಾಗ ಅದನ್ನು ಬೆರಳುಗಳ ನಡುವೆ ಹೊರಳಿಸಿ, ಬುಷ್ಷಿನೊಳಗೆ ತೂರಿಸಿ ನೋಡಿ, ಇನ್ನೂ ಒಂದು ಕೂದಲೆಳೆ ತೆಗೆಯಬೇಕು ಎಂದು ಹಿಂದಿರುಗಿಸಿದರು. ಈ ಭಾನುವಾರ ಅದನ್ನು ಮತ್ತೆ ಲೇತಿಗೆ ಹಾಕುತ್ತೇವೆ. ನೋಡಬೇಕೆನಿಸುವವರು ಬೆಳಿಗ್ಗೆ ಹತ್ತಕ್ಕೆ ಬನ್ನಿ.